ತಿಳಿಯೂ ಗಟ್ಟಿಯೂ: ಸಾಂಬಾರ್ ಬಕೆಟ್ ಜೊತೆ ಮಾತುಕತೆ

ಕೆಂಪೇಗೌಡರು 1537ರಲ್ಲಿ ಕಟ್ಟಿದ ಬೆಂಗಳೂರು ಪೇಟೆಯಲ್ಲಿ, ಅಕ್ಕಿಪೇಟೆ, ಬಳೇಪೇಟೆಗಳ ಆಸುಪಾಸಿನಲ್ಲಿ ಒಂದು ಹಳೇ ತಿಂಡಿ ಹೋಟೆಲಿದೆ. ಅದರ ವಿಷಯದಲ್ಲಿ ಊರು ಎರಡು ಪಕ್ಷ. ‘ಅಲ್ಲಿ ತಿಂದರೆ ಜನ್ಮ ಸಾರ್ಥಕ’ ಅನ್ನುವವರು ಒಂದು ಕಡೆ, ‘ಬೋರ್ಡಿಗೆ ದುಡ್ಡು ಕೊಟ್ಟು ಬಂದೆ’ ಅನ್ನುವವರು ಇನ್ನೊಂದು ಕಡೆ. ಧಣಿಗಳನ್ನು ಕೇಳಿದರೆ ಅಜ್ಜನ ಫೋಟೋ ತೋರಿಸುತ್ತಾರೆ. ಹೋಟೆಲಿನಲ್ಲಿ ಎಲ್ಲ ಟೇಬಲ್ಲಿಗೂ ಹೋಗಿಬರುವುದು ಸಾಂಬಾರ್ ಬಕೆಟ್ ಮಾತ್ರ. ಮಧ್ಯಾಹ್ನ ಮೂರರ ಹೊತ್ತಿಗೆ, ತೊಳೆದು ಬೋರಲು ಹಾಕಿದ್ದಾಗ ಮಾತಿಗೆ ಸಿಕ್ಕಿತು.

ನೇರವಾಗಿ ಕೇಳ್ತೀನಿ. ನಿಮ್ಮ ಹೋಟೆಲ್ ಚೆನ್ನಾಗಿದೆಯಾ, ಇಲ್ವಾ?

ಎಷ್ಟು ಗಂಟೆಗೆ ಸಾರ್?

ಅಂದ್ರೆ?

ಬೆಳಿಗ್ಗೆ ಏಳಕ್ಕೆ ಬಂದವರಿಗೆ ಭಟ್ಟರು ಈಗಷ್ಟೇ ಒಗ್ಗರಣೆ ಕೊಟ್ಟ ಸಾಂಬಾರು. ಹನ್ನೊಂದಕ್ಕೆ ಬಂದವರಿಗೆ ಅದೇ ಸಾಂಬಾರು, ಜೊತೆಗೆ ಒಂದಷ್ಟು ಬಿಸಿನೀರು, ಒಂದು ಹಿಡಿ ಉಪ್ಪು. ಅದು ಹಾಗಿರಲಿ, ಒಂದೇ ಹೊತ್ತಿಗೆ ಬಂದವರಿಗೂ ಒಂದೇ ಸಾಂಬಾರು ಸಿಗಲ್ಲ. ನನ್ನ ಹೊಟ್ಟೆಯಲ್ಲಿ ಬೇಳೆ ತಳಕ್ಕೆ ಕೂತಿರುತ್ತೆ, ಮೇಲೆ ತಿಳಿ ನಿಂತಿರುತ್ತೆ. ಹುಡುಗ ಅವಸರದಲ್ಲಿ ಕಲಕದೆ ಸೌಟು ಅದ್ದಿದ ಅನ್ನಿ, ಬಾಗಿಲ ಹತ್ತಿರದ ಟೇಬಲ್ಲಿಗೆ ಹೋಗೋದು ಹುಣಸೆ ನೀರು. ಕೈ ತೊಳೆಯೋ ಬೇಸಿನ್ ಪಕ್ಕದ ಟೇಬಲ್ಲಿಗೆ ಬೇಳೆ, ಕುಂಬಳಕಾಯಿ, ಸಣ್ಣ ಈರುಳ್ಳಿ ಎಲ್ಲಾ. ಬಾಗಿಲವರು ಮನೆಗೆ ಹೋಗಿ ಬೈತಾರೆ, ಬೇಸಿನ್‌ನವರು ಹೊಗಳ್ತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ.

ಸಿಹಿ ಜಾಸ್ತಿ ಅನ್ನೋ ದೂರು?

ಚೆನ್ನೈಯಿಂದ ಬಂದವರು ‘ಇದೇನು ಪಾಯಸವೇ’ ಅಂತಾರೆ. ಹಿಂದಿನ ಟೇಬಲ್ಲಿನ ಬಸವನಗುಡಿ ರಾಯರು ‘ಬೆಲ್ಲಕ್ಕೂ ಬರ ಬಂತೇನಯ್ಯಾ’ ಅಂತಾರೆ. ಉಡುಪಿ ಕಡೆ ಕೈ, ಬೆಲ್ಲ ಬೀಳುತ್ತೆ. ರಾಯರ ಮೇಲೆ ನನಗೆ ಬೇಸರವಿಲ್ಲ. 1998ರಲ್ಲಿ ಇದೇ ಕುರ್ಚಿಯಲ್ಲಿ ಕೂತು ‘1975ರ ರುಚಿ ಈಗಿಲ್ಲ’ ಅಂದಿದ್ದರು. ಈಗ ‘1998ರ ಸಾಂಬಾರು ಅಂದ್ರೆ ಸಾಂಬಾರು’ ಅಂತಾರೆ. ಇವತ್ತಿನದಕ್ಕೂ ಒಂದು ಕಾಲ ಬರುತ್ತೆ, ಕಾಯ್ತಾ ಇದ್ದೀನಿ.

ನೀವು ಎಷ್ಟು ಹಳಬರು?

ನಾನು ಸ್ಟೀಲು, ತೊಂಬತ್ತರ ದಶಕದಲ್ಲಿ ಬಂದವನು. ನನಗಿಂತ ಮುಂಚೆ ಹಿತ್ತಾಳೆಯವರಿದ್ದರು. ಹುಳಿ ಪದಾರ್ಥ ಹಿಡಿಯೋರು, ಆಗಾಗ ಕಲಾಯಿ ಹಾಕಿಸಬೇಕು, ಇಲ್ಲದಿದ್ದರೆ ಕಿಲುಬು. ಈಗ ಅವರು ಗಲ್ಲಾ ಹಿಂದೆ ಶೋಕೇಸಿನಲ್ಲಿದ್ದಾರೆ. ಪಕ್ಕದಲ್ಲಿ ‘ಪರಂಪರೆ’ ಅಂತ ಬೋರ್ಡು. ದುಡಿಯೋವಾಗ ಯಾರೂ ಹಾಗೆ ಕರೀಲಿಲ್ಲ.

ಬೆಲೆ ಮಾತ್ರ ಪರಂಪರೆಯದ್ದಲ್ಲ ಅಂತಾರೆ ಜನ.

ಹಿತ್ತಾಳೆಯವರು ಹೇಳಿದ್ದು ಕೇಳಿ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಯ ದರ ತಗ್ಗಿಸಿತು. ಎಂಟಿಆರ್‌ನವರು ರುಚಿ ಕೆಡಿಸದೆ ಬಡಿಸಿ, ಆವತ್ತಿನ ನಷ್ಟ ಎಷ್ಟು ಅಂತ ಹೊರಗೆ ಬೋರ್ಡಿನಲ್ಲಿ ಬರೀತಿದ್ದರಂತೆ. ಕೊನೆಗೆ ಬಾಗಿಲು ಹಾಕಿ ಪುಡಿ ವ್ಯಾಪಾರಕ್ಕೆ ಇಳಿದರು. ನಮ್ಮ ದೊಡ್ಡ ಧಣಿಗಳು ಬೋರ್ಡ್ ಬರೀಲಿಲ್ಲ. ಸಾಂಬಾರಿಗೆ ನೀರು ಹಾಕಿದರು. ತುರ್ತುಪರಿಸ್ಥಿತಿ ಮುಗೀತು, ನೀರು ಮುಗೀಲಿಲ್ಲ.

ಹೀಗೆಲ್ಲ ಹೇಳಿದರೆ ಧಣಿಗಳಿಗೆ ಕೋಪ ಬರಲ್ವಾ?

ಅವರು ಸಾಂಬಾರು ತಿನ್ನಲ್ಲ. ಮನೆಯಿಂದ ಡಬ್ಬಿ ಬರುತ್ತೆ.

ಬಡಿಸುವವರ ಬಗ್ಗೆಯೂ ದೂರುಗಳಿವೆ.

ಹಿಂದೆ ಕುಂದಾಪುರದ ಮಾಣಿಗಳು. ಈಗ ಅಸ್ಸಾಂ, ಒಡಿಶಾದ ಹುಡುಗರು. ನನ್ನನ್ನು ಹಿಡಿಯೋ ಹುಡುಗ ಬಂದ ವಾರದಲ್ಲೇ ‘ಸಾಂಬಾರ್ ಹಾಕ್ಲಾ ಸಾರ್’ ಕಲಿತ. ಜಯನಗರದ ಸಾರ್ ಉತ್ತರ ಕೊಡೋದು ‘ಥೋಡಾ ಔರ್ ಡಾಲೋ ಭಯ್ಯಾ’. ಆಮೇಲೆ ಹೊರಗೆ ನಿಂತು ‘ಈ ಹೋಟೆಲ್ನಲ್ಲಿ ಕನ್ನಡವೇ ಇಲ್ಲ’ ಅಂತಾರೆ. ಹುಡುಗ ಒರಟ ಅನ್ನೋದೂ ಇದೆ. ನಾನು ತುಂಬಿದಾಗ ಎತ್ತಿ ನೋಡಿ, ಒಂದು ಕೈಯಲ್ಲಿ, ಬೆಳಿಗ್ಗೆ ಆರರಿಂದ. ನಗುನಗುತ್ತಾ ಬಡಿಸ್ತೀರಾ?

ಕುರ್ಚಿ ಹಿಂದೆ ನಿಂತು ಕಾಯುವವರ ಕಾಟ?

ಅದು ನಮ್ಮ ಪೇಟೆಯ ಸಂಪ್ರದಾಯ ಸಾರ್. ಮಸಾಲೆ ದೋಸೆಯ ಕೊನೇ ಚೂರು ನಿಮ್ಮ ಬಾಯಿಗೆ ಹೋಗೋ ಮೊದಲೇ ಯಾರದೋ ಕರ್ಚೀಫು ನಿಮ್ಮ ಕುರ್ಚಿಗೆ ಬಂದಿರುತ್ತೆ. 2017ರಲ್ಲಿ ಚಿಕ್ಕಪೇಟೆಗೆ ಮೆಟ್ರೋ ಬಂತಲ್ಲ, ಅಲ್ಲಿಂದ ಭಾನುವಾರ ಇನ್ನೂ ಜಾಸ್ತಿ. ನೆಮ್ಮದಿಯಾಗಿ ಕಾಫಿ ಕುಡಿಯೋಣ ಅಂತ ಬಂದವರು ಪರೀಕ್ಷೆ ಬರೆದವರ ಹಾಗೆ ಬೆವರಿಕೊಂಡು ಎದ್ದುಹೋಗ್ತಾರೆ. ಧಣಿಗಳಿಗೆ ಬೇಕಾಗಿರೋದೂ ಅದೇ. ಫ್ಯಾನ್ ಯಾಕೆ ಮೆಲ್ಲಗೆ ತಿರುಗುತ್ತೆ ಅಂದ್ಕೊಂಡಿರಿ?

ಫೋನಿನಲ್ಲಿ ವಿಡಿಯೋ ಮಾಡಿ ಹೊಗಳುವವರಿಂದ ಅನುಕೂಲವಾಗಿರಬೇಕಲ್ಲ?

ಮೂರು ತಲೆಮಾರಿಂದ ರಸ್ತೆ ಬದಿಯಲ್ಲೇ ನಿಂತಿರೋ ಹೋಟೆಲನ್ನು ‘ಯಾರಿಗೂ ಗೊತ್ತಿಲ್ಲದ ಜಾಗ’ ಅಂತ ಕಂಡುಹಿಡಿದರು. ದೋಸೆ ಆರುವ ತನಕ ಚಿತ್ರ ಹಿಡಿದರು. ಆರಿದ ದೋಸೆ ಒಂದು ತುತ್ತು ತಿಂದು ಕಣ್ಣು ಮುಚ್ಚಿ ‘ಅದ್ಭುತ’ ಅಂದರು. ಉಳಿದದ್ದು ತಟ್ಟೆಯಲ್ಲೇ. ತಟ್ಟೆ ತೊಳೆಯೋ ಅಮ್ಮನನ್ನು ಕೇಳಿ, ಯಾವ ಅದ್ಭುತ ಎಷ್ಟು ಉಳೀತು ಅಂತ ಲೆಕ್ಕ ಹೇಳ್ತಾಳೆ.

ನಿಮಗೆ ಭಯವೇನಾದರೂ ಇದೆಯೇ?

ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಶುರುವಾಯ್ತು. ನಿಂತು ತಿನ್ನು, ಟೋಕನ್ ಕೊಡು, ಹೋಗ್ತಾ ಇರು. ಅಲ್ಲಿ ಸಾಂಬಾರು ಕೌಂಟರಿನಲ್ಲೇ ಇಡ್ಲಿ ಮೇಲೆ ಬೀಳುತ್ತೆ, ಬಕೆಟ್ ಟೇಬಲ್ ಟೇಬಲ್ ಸುತ್ತೋ ಹಾಗಿಲ್ಲ. ಬೆಲೆ ಕಮ್ಮಿ, ಬಿಸಿಯೂ ಜಾಸ್ತಿ, ಸುಳ್ಳು ಯಾಕೆ ಹೇಳಲಿ. ಆದರೆ ಎರಡನೇ ಸಲ ‘ಇನ್ನೂ ಸ್ವಲ್ಪ ಹಾಕ್ಲಾ’ ಅಂತ ಕೇಳ್ಕೊಂಡು ಯಾರೂ ನಿಮ್ಮ ಹತ್ತಿರ ಬರಲ್ಲ. ನಮ್ಮಲ್ಲಿ ಬರ್ತೀವಿ. ನೀರಾಗಿದ್ದರೂ ಬರ್ತೀವಿ. ಇತ್ತೀಚೆಗೆ ಚಿಕ್ಕ ಧಣಿಗಳು ಸ್ಟೀಲ್ ಬಟ್ಟಲಲ್ಲಿ ಅಳತೆ ಮಾಡಿ ಕೊಡೋಣ, ಎರಡನೇದಕ್ಕೆ ಬಿಲ್ ಹಾಕೋಣ ಅಂತ ಮಾತಾಡೋದು ಕಿವಿಗೆ ಬಿತ್ತು. ಹಾಗೇನಾದರೂ ಆದರೆ ನಾನೂ ಶೋಕೇಸಿಗೆ.

ಓದುಗರಿಗೆ ಏನಾದರೂ ಹೇಳುವುದಿದೆಯೇ?

ಎಂಟರೊಳಗೆ ಬನ್ನಿ, ಭಾನುವಾರ ಬೇಡ. ಚೆನ್ನಾಗಿಲ್ಲದಿದ್ದರೆ ಗಲ್ಲಾದಲ್ಲೇ, ದುಡ್ಡು ಕೊಡೋ ಮುಂಚೆ ಹೇಳಿ, ಆಗ ಮಾತ್ರ ಕಿವಿ ಕೇಳಿಸುತ್ತೆ. ಹುಡುಗ ನನ್ನನ್ನು ಹಿಡ್ಕೊಂಡು ಬಂದಾಗ ‘ತಳದಿಂದ ಒಂದ್ಸಲ ಕಲಕಿ ಹಾಕಪ್ಪಾ’ ಅನ್ನಿ. ಅದಕ್ಕಿನ್ನೂ ಬಿಲ್ ಹಾಕಿಲ್ಲ.