ಫ್ಲೆಕ್ಸಿನ ಪದರಗಳು
ಹುಕ್ಕೇರಿ, ಗೋಕಾಕ ಸೀಮೆಯ ದಡ್ಡಿಯಂಥ ಊರಿನಲ್ಲಿ ಜಾತ್ರೆ ಸಮೀಪಿಸಿತೆಂದರೆ ಫೋಟೊ ತಿದ್ದುವ ತಂತ್ರಾಂಶದ ಆಯ್ಕೆಯು ಕಲೆಯ ಪ್ರಶ್ನೆಯಾಗಿ ಉಳಿಯದೆ, ಫ್ಲೆಕ್ಸಿನಲ್ಲಿ ಯಾರ ಮುಖ ಎಷ್ಟು ದೊಡ್ಡದಿರಬೇಕೆಂಬ ರಾಜಕಾರಣವಾಗಿಬಿಡುತ್ತದೆ. 1990ರಲ್ಲಿ ಬಂದ ಫೋಟೊಶಾಪಿಗೆ ಈಗ ಬಾಡಿಗೆ ಕಟ್ಟಬೇಕು, ಗಿಂಪ್ ಪುಕ್ಕಟೆ; ಆದರೂ ಪುಕ್ಕಟೆ ಸಿಕ್ಕದ್ದನ್ನು ನಂಬದಿರುವುದು ವ್ಯವಹಾರಸ್ಥರ ಹಳೆಯ ರೂಢಿ. ಲೇಯರ್, ಅಂದರೆ ಒಂದರ ಮೇಲೊಂದು ಹಾಸಿದ ಪಾರದರ್ಶಕ ಹಾಳೆಯಂಥ ಪದರ, ಎರಡರಲ್ಲೂ ಇದೆ. 18 ಮುಖಂಡರ 18 ಪದರಗಳನ್ನು ಹೊರಬೇಕಾದ ರ‍್ಯಾಮ್, ಅಂದರೆ ಗಣಕದ ತಾತ್ಕಾಲಿಕ ನೆನಪು, 4 ಜಿಬಿಯಷ್ಟೇ ಇದ್ದರೆ 13ನೆಯವರ ಮೀಸೆಯ ಹತ್ತಿರ ಯಂತ್ರ ಉಸಿರು ಕಟ್ಟಿ ನಿಲ್ಲುತ್ತದೆ. ಪರದೆಯು ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಹುಟ್ಟಿಸಿದರೆ ಮುದ್ರಣಯಂತ್ರವು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಗಳನ್ನು ನಂಬಿರುವುದರಿಂದ, ಪರದೆಯ ಮೇಲೆ ಉರಿಯುವ ಕೇಸರಿಯಾಗಿದ್ದ ರುಮಾಲು ಬಸ್‌ಸ್ಟ್ಯಾಂಡಿನ ಕಂಬಕ್ಕೇರುವ ಹೊತ್ತಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ.