ನಕ್ಷತ್ರ ಎಣಿಸುವ ಇಡಿಐ ಜೋಯಿಸರು

ಬೆಂಗಳೂರಿನಿಂದ ಅಮೆರಿಕಕ್ಕೆ ಅಂಗಿ ಕಳಿಸುವ ಮಧ್ಯಮ ಗಾತ್ರದ ಗಾರ್ಮೆಂಟ್ಸ್ ಒಂದನ್ನು ಹೊಕ್ಕು, ಹೊಲಿಗೆ ಯಂತ್ರಗಳ ಗದ್ದಲ ದಾಟಿ, ಮಹಡಿ ಹತ್ತಿ, ಅಕೌಂಟ್ಸ್‌ನವರ ಬೀರುವಿಗೂ ನೀರಿನ ಕ್ಯಾನಿಗೂ ನಡುವೆ ಇಣುಕಿದರೆ ಅವರು ಸಿಗುತ್ತಾರೆ. ಕನ್ನಡಕ ಹಣೆಗೇರಿದೆ. ಮೂಗು ಕಂಪ್ಯೂಟರಿಗೆ ತಾಗುವುದೊಂದು ಬಾಕಿ. ತೋರುಬೆರಳು ಪರದೆಯ ಮೇಲೆ ಒಂದೊಂದೇ ಗುರುತು ಮುಟ್ಟುತ್ತಾ ಸಾಗಿದೆ. ತುಟಿ ಅಲುಗುತ್ತಿದೆ: "ಹದಿಮೂರು, ಹದಿನಾಲ್ಕು, ಹದಿನೈದು... ಅಯ್ಯೋ, ಒಂದು ಕಮ್ಮಿ ಇದೆಯಲ್ಲಪ್ಪಾ!"

ಕಮ್ಮಿ ಬಿದ್ದದ್ದು ನಕ್ಷತ್ರ.

ಅಮೆರಿಕದ ದೊಡ್ಡ ಅಂಗಡಿಗಳು ಆರ್ಡರನ್ನು ನಮ್ಮ ನಿಮ್ಮ ಹಾಗೆ "ಇಷ್ಟು ಅಂಗಿ, ಇಂಥ ಬಣ್ಣ, ಇಂಥ ದಿನಕ್ಕೆ" ಎಂದು ಬರೆದು ಕಳಿಸುವುದಿಲ್ಲ. ಇಡಿಐ ಫೈಲ್ ಬರುತ್ತದೆ: ಒಂದು ಕಂಪ್ಯೂಟರು ಇನ್ನೊಂದಕ್ಕೆ ನೇರವಾಗಿ ಕಳಿಸುವ ವ್ಯವಹಾರದ ಕಾಗದ. ಎಕ್ಸ್12 ಎಂಬ ಅಲ್ಲಿನ ಪದ್ಧತಿಯಲ್ಲಿ ಆರ್ಡರಿಗೆ 850 ಎಂದು ಹೆಸರು, ಇನ್‌ವಾಯ್ಸಿಗೆ 810, ಸರಕು ಹೊರಟಿತೆಂಬ ಮುನ್ಸೂಚನೆಗೆ 856. ನೋಟ್‌ಪ್ಯಾಡಿನಲ್ಲಿ ತೆರೆದರೆ ಎಷ್ಟೋ ಸಲ ಇಡೀ ಆರ್ಡರು ಒಂದೇ ಸಾಲು. ಮಾಹಿತಿ ಮಾಹಿತಿಯ ನಡುವೆ ಸಾಮಾನ್ಯವಾಗಿ ಒಂದು ನಕ್ಷತ್ರ ಚಿಹ್ನೆ, ತುಂಡು ತುಂಡಿನ ಕೊನೆಗೆ ಹಾವಿನಂತೆ ಬಳುಕಿದ ಗೆರೆ. ಇದನ್ನು ಕಣ್ಣಲ್ಲೇ ಓದಿ "ಸರ್, 40 ಸೈಜಿಂದು ಜಾಸ್ತಿ ಕೇಳಿದಾರೆ" ಎನ್ನಬಲ್ಲವರು ಇಡೀ ಕಟ್ಟಡದಲ್ಲಿ ಇವರೊಬ್ಬರೇ. ಅದಕ್ಕೇ ಕೆಳಗಿನ ಟೈಲರುಗಳಿಂದ ಮೇಲಿನ ಯಜಮಾನರವರೆಗೆ ಎಲ್ಲರ ಬಾಯಲ್ಲೂ ಅವರು 'ಜೋಯಿಸರು'. ಜಾತಕದವರಿಗೆ ನಕ್ಷತ್ರ 27. ಇವರಿಗೆ ಫೈಲಿನ ಮೊದಲ ತುಂಡಿನಲ್ಲಿ 16 ಸರಿಯಾಗಿ ಸಿಕ್ಕರೆ ಆ ದಿನ ಶುಭ.

ಆ ಮೊದಲ ತುಂಡಿಗೆ ಐಎಸ್‌ಎ ಎನ್ನುತ್ತಾರೆ. ಕೊನೆಯ ಗುರುತೂ ಸೇರಿ ಸರಿಯಾಗಿ 106 ಅಕ್ಷರ. ಕಳಿಸುವವರ ಗುರುತಿಗೆ 15 ಮನೆ ಮೀಸಲು; ನಿಮ್ಮ ಗುರುತು ಒಂಬತ್ತೇ ಅಕ್ಷರದ್ದಾದರೆ ಉಳಿದ ಆರು ಮನೆಗಳನ್ನು ಖಾಲಿ ಜಾಗದಿಂದ ತುಂಬಬೇಕು. ಯಾರೋ ಪುಣ್ಯಾತ್ಮರು "ಸುಮ್ನೆ ಜಾಗ ವೇಸ್ಟಾಗಿದೆ" ಎಂದು ಅದನ್ನು ಒರೆಸಿಬಿಟ್ಟರೆ ಫೈಲು ವಾಪಸ್. ಖಾಲಿ ಜಾಗಕ್ಕೆ ಇರುವ ಬೆಲೆಯನ್ನು ಬೆಂಗಳೂರಿನಲ್ಲಿ ಬೇರೆ ಹೇಳಿಕೊಡಬೇಕೆ?

ಹುಟ್ಟುತ್ತಲೇ ಇಡಿಐ ಕಲಿತವರು ಯಾರೂ ಇಲ್ಲ. ಇವರು ಸೇರಿದ್ದು ಡಾಕ್ಯುಮೆಂಟೇಶನ್ ಸೆಕ್ಷನ್ನಿಗೆ, ಪ್ಯಾಕಿಂಗ್ ಲಿಸ್ಟ್ ಟೈಪು ಮಾಡಲು. ಒಮ್ಮೆ ಪ್ರಿಂಟರಿನ ಹೊಟ್ಟೆಯೊಳಗೆ ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಹೊರಗೆಳೆದರು. ಅವತ್ತೇ 'ಕಂಪ್ಯೂಟರ್ ಗೊತ್ತಿರೋರು' ಎಂಬ ಬಿರುದು ಬಂತು. ಮುಂದೊಂದು ದಿನ ಗಿರಾಕಿಯಿಂದ "ಇನ್ನು ಮೇಲೆ ಇಡಿಐ ಮಾತ್ರ" ಎಂಬ ಪತ್ರ ಬಂದಾಗ ಯಜಮಾನರು ಸುತ್ತ ನೋಡಿದರು. ಎಲ್ಲರೂ ತಲೆ ತಗ್ಗಿಸಿದ್ದರು. ಇವರು ಆಗಷ್ಟೇ ಟೀ ಕುಡಿದು ಒಳಗೆ ಬಂದರು.

"ಈ ಇಡಿಐ ಭಾಷಾಂತರದ ಸಾಫ್ಟ್‌ವೇರಿಗೆ ಎಷ್ಟಾಗುತ್ತೆ?"

"ಬಾಟ್ಸ್ ಅಂತ ಒಂದಿದೆ ಸರ್. ಪುಕ್ಕಟೆ."

"ಹಾಗಾದ್ರೆ ಎರಡು ಹಾಕ್ಸಿ."

ಬಾಟ್ಸ್ ಪೈಥಾನ್ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶ. ಅದರ 3ನೇ ಸರಣಿ ಪೈಥಾನ್ 2ರ ಕಾಲದ್ದು. ಜೋಯಿಸರು ಹೊಸದೇ ಒಳ್ಳೆಯದೆಂದು ಪೈಥಾನ್ 3 ಹಾಕಿಕೊಂಡರು. ಪರದೆಯ ತುಂಬ ಕೆಂಪು. ಎರಡು ದಿನ ವಿಂಡೋಸನ್ನು ಬೈದರು, ಮೂರನೆಯ ದಿನ ಆಂಟಿವೈರಸ್ಸನ್ನು. ನಾಲ್ಕನೆಯ ದಿನ ಸೂಚನೆಯ ಪುಟವನ್ನು ಮೊದಲಿನಿಂದ ಓದಿದರು. (ಓದುವುದು ಕೊನೆಯ ಅಸ್ತ್ರ ಎಂಬ ವಿಷಯದಲ್ಲಿ ನಮ್ಮ ದೇಶದ ಎಲ್ಲ ಕಂಪ್ಯೂಟರ್ ಗೊತ್ತಿರೋರಲ್ಲೂ ಒಮ್ಮತವಿದೆ.) ಐದನೆಯ ದಿನ ಬ್ರೌಸರಿನಲ್ಲಿ 8080 ಎಂಬ ಬಾಗಿಲು ತೆರೆಯಿತು. ಆಫೀಸಿಗೆಲ್ಲ ಮೈಸೂರು ಪಾಕು ಹಂಚಿದರು.

ಹಂಚಿದ್ದು ಸ್ವಲ್ಪ ಬೇಗವಾಯಿತು. ಒಳಗೆ ಹೋದರೆ 'ಚಾನಲ್' ಅಂತೆ, 'ರೂಟ್' ಅಂತೆ, 'ಮ್ಯಾಪಿಂಗ್' ಅಂತೆ, ಕೊನೆಗೆ 'ಗ್ರಾಮರ್' ಕೂಡ! ಸಂಧಿ ಸಮಾಸಕ್ಕೆ ಹೆದರಿ ಕಾಮರ್ಸ್ ತೆಗೆದುಕೊಂಡಿದ್ದ ಮನುಷ್ಯ ಐವತ್ತರ ಹೊಸ್ತಿಲಲ್ಲಿ ಮತ್ತೆ ವ್ಯಾಕರಣದ ಕೈಗೆ ಸಿಕ್ಕಿಬಿದ್ದರು.

ಆದರೆ ಕಲಿತರು. ಯಾವ ಮಟ್ಟಕ್ಕೆಂದರೆ ಈಗ ಎಡವಟ್ಟುಗಳನ್ನೆಲ್ಲ ಕನ್ನಡ ಮೇಷ್ಟರ ಹಾಗೆ ವಿಂಗಡಿಸುತ್ತಾರೆ. ಅಮೆರಿಕದ 12 ಅಂಕಿಯ ಬಾರ್‌ಕೋಡ್ ಸಂಖ್ಯೆ ಸೊನ್ನೆಯಿಂದ ಶುರುವಾದರೆ ಎಕ್ಸೆಲ್ ಅದನ್ನು ನುಂಗಿ 11 ಮಾಡುತ್ತದೆ: ಅದು ಲೋಪಸಂಧಿ. ಬಾಟ್ಸ್‌ನಲ್ಲಿ ಫೈಲು ಓದಿದ ಮೇಲೆ ಅಳಿಸು ಎಂಬ ಚೌಕಕ್ಕೆ ಟಿಕ್ ಹಾಕಲು ಮರೆತರೆ ಪ್ರತಿ ಸುತ್ತಿಗೂ ಅದೇ ಆರ್ಡರನ್ನು ಮತ್ತೆ ಓದುತ್ತದೆ: ಅದು ದ್ವಿರುಕ್ತಿ. ಈ ದ್ವಿರುಕ್ತಿ ಒಮ್ಮೆ ತ್ರಿರುಕ್ತಿಯಾಗಿ 1,200 ಅಂಗಿಯ ಆರ್ಡರು 3,600 ಆಯಿತು. ಕಟಿಂಗ್ ಮಾಸ್ಟರು ಓವರ್‌ಟೈಮ್ ಪಟ್ಟಿಯನ್ನೇ ಬರೆದು ತಂದಿದ್ದರು. ಬಟ್ಟೆಗೆ ಕತ್ತರಿ ಬೀಳುವ ಮೊದಲು ಗೊತ್ತಾದದ್ದು ಯಜಮಾನರ ಪುಣ್ಯ. ಮಾಸ್ಟರು ಆ ಮೇಲೆ ಒಂದು ವಾರ ಜೋಯಿಸರ ಜತೆ ಮಾತಾಡಲಿಲ್ಲ.

ಯುರೋಪಿನ ಗಿರಾಕಿ ಬಂದರಂತೂ ಬೇರೆಯೇ ಕಥೆ. ಅವರದು ಎಡಿಫ್ಯಾಕ್ಟ್. ಅಲ್ಲಿ ತುಂಡು ಮುಗಿಯುವುದು ಅಪಾಸ್ಟ್ರಫಿ ಎಂಬ ಮೇಲಿನ ಪುಟ್ಟ ಕೊಕ್ಕೆಯಿಂದ. ಇಂಗ್ಲಿಷಿನಲ್ಲಿ 'ಮೆನ್ಸ್ ಶರ್ಟ್' ಬರೆಯುವಾಗ ಅದೇ ಕೊಕ್ಕೆ ಬರುತ್ತದಲ್ಲ, ಅಲ್ಲೇ ಸಾಫ್ಟ್‌ವೇರ್ ತುಂಡು ಮುಗಿಯಿತೆಂದು ತಿಳಿದು 'ಮೆನ್' ಅನ್ನು ಈಚೆ ಬಿಟ್ಟು ಶರ್ಟನ್ನು ಆಚೆ ತಳ್ಳುತ್ತದೆ. ಗಂಡಸರು ಅಂಗಿಯಿಲ್ಲದೆ ನಿಲ್ಲುತ್ತಾರೆ. ಮಾನ ಉಳಿಯಬೇಕಾದರೆ ಕೊಕ್ಕೆಯ ಮುಂಚೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು.

ಹೊಸ ಹುಡುಗರು ಟ್ರೈನಿಂಗಿಗೆ ಬಂದರೆ ಜೋಯಿಸರು ಸ್ಥಳಪುರಾಣ ಹೇಳದೆ ಬಿಡುವವರಲ್ಲ. "ಈ ಇಡಿಐ ಶುರುವಾಗಿದ್ದು ಎಲ್ಲಿ ಗೊತ್ತೇನ್ರೋ? ಬರ್ಲಿನ್‌ನಲ್ಲಿ!" 1948ರಲ್ಲಿ ಸೋವಿಯತ್ ಪಡೆ ಪಶ್ಚಿಮ ಬರ್ಲಿನ್ನಿನ ರಸ್ತೆ, ರೈಲು ಬಂದ್ ಮಾಡಿದಾಗ ಹಿಟ್ಟು, ಕಲ್ಲಿದ್ದಲು ಎಲ್ಲ ವಿಮಾನದಲ್ಲೇ ಹೋಗಬೇಕಾಯಿತು. ಎಡ್ ಗಿಲ್ಬರ್ಟ್ ಎಂಬ ಅಮೆರಿಕನ್ ಸೇನೆಯವರು, ಯಾವ ಭಾಷೆಯವರಿಗೂ ಗೊಂದಲವಾಗದಂತೆ ಟೆಲೆಕ್ಸಿನಲ್ಲೋ ಫೋನಿನಲ್ಲೋ ಕಳಿಸಬಹುದಾದ ಒಂದೇ ನಮೂನೆಯ ಸರಕುಪಟ್ಟಿ ರೂಪಿಸಿದರು. 1979ರಲ್ಲಿ ಎಕ್ಸ್12 ಸಮಿತಿ ಹುಟ್ಟಿತು. 1997ರ ಕೊನೆಗೆ ಬಂದ 4010 ಎಂಬ ಆವೃತ್ತಿಯನ್ನು ಇವತ್ತಿಗೂ ಬಳಸುವವರಿದ್ದಾರೆ. "ಅದು ಬಂದಾಗ ನೀವಿನ್ನೂ ಹುಟ್ಟಿರ್ಲಿಲ್ಲ" ಎಂದು ಅವರು ಹೇಳುವಾಗ 4010 ಆ ಹುಡುಗರ ಹಿರಿಯ ಅಣ್ಣನೇನೋ ಅನ್ನಿಸುತ್ತದೆ.

ಎಲ್ಲರಿಗೂ ಒಂದೇ ನಮೂನೆ ಎಂಬುದು ಪುರಾಣದ ಮಾತಾಯಿತು. ಈಗ 850 ಎಂದರೆ ಮನೆಗೊಂದು ಸಾರಿನ ಪುಡಿ. ಒಬ್ಬ ಗಿರಾಕಿ ಡಜನ್ನಿನಲ್ಲಿ ಕೇಳುತ್ತಾನೆ, ಇನ್ನೊಬ್ಬ ಬಿಡಿಯಾಗಿ, ಮತ್ತೊಬ್ಬ ಪೆಟ್ಟಿಗೆ ಲೆಕ್ಕದಲ್ಲಿ. ಪ್ರತಿಯೊಬ್ಬರದೂ ಒಂದು ದಪ್ಪ ಮಾರ್ಗದರ್ಶಿ. ಅದರಲ್ಲಿ ಒಂದು ಕಡೆ 'ಐಚ್ಛಿಕ' ಎಂದು ಬರೆದು, ಪಕ್ಕದಲ್ಲೇ ಸಣ್ಣಕ್ಷರದಲ್ಲಿ 'ನಮಗೆ ಕಡ್ಡಾಯ' ಎಂದಿರುತ್ತದೆ. ಮದುವೆ ಮಾತುಕತೆಯಲ್ಲಿ "ನಮ್ಮದೇನೂ ಡಿಮ್ಯಾಂಡಿಲ್ಲ" ಎನ್ನುವ ಬೀಗರ ಧಾಟಿ. ಸರಕು ತಲುಪಬೇಕಾದ ವಿಳಾಸಕ್ಕೂ ಬಿಲ್ಲು ತಲುಪಬೇಕಾದ ವಿಳಾಸಕ್ಕೂ ಎರಡಕ್ಷರದ ಗುರುತಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಮ್ಯಾಪಿಂಗಿನಲ್ಲಿ ಅದು ಅದಲುಬದಲಾದರೆ ಅಂಗಿಯ ಪೆಟ್ಟಿಗೆಗಳು ಅಲ್ಲಿನ ಅಕೌಂಟ್ಸ್ ಆಫೀಸಿಗೆ ಹೋಗಿ ಇಳಿಯುತ್ತವೆ. 856 ತಡವಾದರೆ ದಂಡ. ಅದಕ್ಕೆ ಚಾರ್ಜ್‌ಬ್ಯಾಕ್ ಎಂಬ ಗೌರವದ ಹೆಸರು.

ಇಷ್ಟೆಲ್ಲ ಆಗಿ, ಆರ್ಡರು ಅಮೆರಿಕದಿಂದ ಬಂದು, ಬಾಟ್ಸ್‌ನಲ್ಲಿ ಹಾದು, ಎಕ್ಸ್‌ಎಂಎಲ್ ಆಗಿ, ನಮ್ಮ ಬೆಂಗಳೂರಿನದೇ ಆದ ಟ್ಯಾಲಿಗೆ ಯಾರ ಕೈಯೂ ತಾಕದೆ ಇಳಿಯುತ್ತದೆ. ಮರುಕ್ಷಣ ಯಜಮಾನರ ಫೋನು: "ಜೋಯಿಸ್ರೇ, ಅದರದ್ದೊಂದು ಪ್ರಿಂಟ್ ಕೊಡಿ." ಪ್ರಿಂಟು ಕೆಳಗಿಳಿಯುತ್ತದೆ. ಕಟಿಂಗ್ ಮಾಸ್ಟರು ಅದನ್ನು ತಮ್ಮ ಕೆಂಪು ರಟ್ಟಿನ ಪುಸ್ತಕಕ್ಕೆ ಪೆನ್ಸಿಲಿನಲ್ಲಿ ನಕಲು ಮಾಡಿಕೊಳ್ಳುತ್ತಾರೆ.

ಅಮೆರಿಕದವರ ಹಗಲು ನಮ್ಮ ರಾತ್ರಿ. ಇನ್‌ವಾಯ್ಸ್ ಕಳಿಸಿದ ದಿನ ಜೋಯಿಸರು ಮನೆಯಲ್ಲಿ ಲ್ಯಾಪ್‌ಟಾಪನ್ನು ದಿಂಬಿನ ಮೇಲಿಟ್ಟುಕೊಂಡು 997ಕ್ಕೆ ಕಾಯುತ್ತಾರೆ. ಅದು ಗಿರಾಕಿಯ ಕಂಪ್ಯೂಟರು ಕೊಡುವ ಸ್ವೀಕೃತಿ. ಒಮ್ಮೆ ಅದು ರಾತ್ರಿ ಒಂದು ಗಂಟೆಯ ಹೊತ್ತಿಗೆ ಬಂತು. ಜೋಯಿಸರು ಎದ್ದು ಕುಳಿತು ಎರಡೂ ಕೈ ಮೇಲೆತ್ತಿದರು. ಹೆಂಡತಿಗೆ ಎಚ್ಚರವಾಯಿತು.

"ಏನ್ರೀ, ದುಡ್ಡು ಬಂತಾ?"

"ಇಲ್ಲ ಕಣೇ, ನಮ್ಮ ಫೈಲು ಅವರಿಗೆ ಸಿಕ್ಕಿತಂತೆ."

"ಒಪ್ಕೊಂಡ್ರಾ?"

"ಅದನ್ನೇನೂ ಹೇಳಿಲ್ಲ. ಸಿಕ್ಕಿದೆ, ವ್ಯಾಕರಣ ಸರಿಯಾಗಿದೆ ಅಂದಿದಾರೆ, ಅಷ್ಟೇ."

ಆಕೆ ಹೊದಿಕೆ ಎಳೆದುಕೊಂಡು ಮಗ್ಗುಲಾದರು. "ನನ್ನ ಜಾತಕ ಇಸ್ಕೊಂಡು ನಿಮ್ಮಮ್ಮನೂ ಮೂರು ತಿಂಗಳು ನಮ್ಮಪ್ಪಂಗೆ ಇದನ್ನೇ ಹೇಳಿದ್ದು. ಲೈಟ್ ಆರ್ಸಿ."