ದುಡ್ಡು ಕೊಟ್ಟು ಹಿಟ್ಟು ನಾದಿದ್ದು

ಮನೆಯಲ್ಲಿ ಚಪಾತಿ ಹಿಟ್ಟು ಕಂಡರೆ ಫೋನ್ ಬಂದವನಂತೆ ಹೊರಗೆ ಜಾರಿಕೊಳ್ಳುವ ಆಸಾಮಿ ನಾನು. ಅಂಥವನು ಇಟಲಿಯ ಪುಲಿಯಾದ ತೋಟದ ಮನೆಯೊಂದರಲ್ಲಿ ದುಡ್ಡು ಕೊಟ್ಟು, ಏಪ್ರನ್ ಕಟ್ಟಿಕೊಂಡು, ಪಾಸ್ತಾ ಕಲಿಯಲು ಹಿಟ್ಟು ನಾದಿದೆ! ರೈತರು ಅತಿಥಿಗಳನ್ನು ಇಳಿಸಿಕೊಳ್ಳಲು ಆ ದೇಶ 1985ರಲ್ಲೇ ಕಾನೂನು ಮಾಡಿದೆ. ಅತಿಥಿಯ ತೋಳು ನೋಯಿಸಬಾರದೆಂಬ ಕಲಮು ಸೇರಿಸಲು ಮರೆತಿರಬೇಕು.

ಡ್ಯೂರಮ್ ಗೋಧಿಯ ಹಿಟ್ಟು, ನೀರು, ಅಷ್ಟೇ. ಮೊಟ್ಟೆ ಎಲ್ಲಿ ಎಂದೆ. ಕಲಿಸುತ್ತಿದ್ದ ಆ ಮನೆಯ ಅಜ್ಜಿ ಹುಬ್ಬು ಗಂಟಿಕ್ಕಿದರು. ಅವರದು ಬೀಸುಕಲ್ಲಿನ ಹಿಟ್ಟು; ಅದರಲ್ಲಿ ತೌಡು, ಮೊಳಕೆಯ ಭಾಗ ಉಳಿಯುವುದರಿಂದ ಘಮ ಹೆಚ್ಚು, ಕಮಟು ಹಿಡಿಯುವುದೂ ಬೇಗ. ಬೇಗ ತಿಂದು ಮುಗಿಸುವ ಹೊಣೆಯನ್ನು ನನ್ನ ಹೊಟ್ಟೆ ವಹಿಸಿಕೊಂಡಿತು.

ಮಾನ ಹೋದದ್ದು ಒರೆಕ್ಕಿಯೆತ್ತೆ ಎಂಬ ಕಿವಿಯಾಕಾರದ ಪಾಸ್ತಾ ಮಾಡುವಾಗ. ಅಜ್ಜಿ ಹಿಟ್ಟಿನ ತುಣುಕನ್ನು ಮೊಂಡು ಚಾಕುವಿನಿಂದ ಹಲಗೆಯ ಮೇಲೆ ಎಳೆದು, ಹೆಬ್ಬೆರಳಿಗೆ ತೊಡಿಸಿ ಮಗುಚಿದರೆ ಪುಟ್ಟ ಕಿವಿ ಸಿದ್ಧ. ನನ್ನವು ಕೆಲವು ಆನೆಯ ಕಿವಿ, ಕೆಲವು ಇಲಿಯದು. ಕುದಿನೀರಿನಲ್ಲಿ ಇಲಿ ಮುದ್ದೆಯಾಯಿತು, ಆನೆ ಬೇಯಲೇ ಇಲ್ಲ. ಅಜ್ಜಿ ಏನೂ ಅನ್ನದೆ ನನ್ನ ಪಾಲನ್ನು ನನ್ನ ತಟ್ಟೆಗೇ ಬಡಿಸಿದರು. ಕಹಿಯ ರಾಪಾ ಸೊಪ್ಪು, ಬೆಳ್ಳುಳ್ಳಿ, ಆಲಿವ್ ಎಣ್ಣೆ ಬಿದ್ದ ಮೇಲೆ ಆನೆಯೂ ರುಚಿಯೇ.

ನೀವೂ ಹೋಗುವುದಿದ್ದರೆ ಹೆಬ್ಬೆರಳಿನ ಉಗುರು ಕತ್ತರಿಸಿಕೊಂಡು ಹೋಗಿ.